ಮೆಣಸಿನಕಾಯಿ ಪಟ್ಟಿಗೆ ಒಂದು ಕಂಪೈಲರ್: ಕ್ರಿಯಾಪದ ಕೊನೆಗೆ ಬರುವ ಭಾಷೆ ಕಟ್ಟಿದ ಬಗೆ

ಮೊದಲು ಇದನ್ನು ಓದಿ.

ತೂಕ: 412.5 ಕಿಲೋ
ದರ: 18,500 ರೂ/ಕ್ವಿಂಟಲ್
ಎಣಿಕೆ: 12 ಚೀಲ
ಹಮಾಲಿ: 15 ರೂ/ಚೀಲ
ಬಾಡಿಗೆ: 900/-
ಮುಂಗಡ: 20,000/-
ಮೊತ್ತ: 0/-
ಬಾಕಿ: 0/-

ಮೊತ್ತಕ್ಕೆ ತೂಕ × ದರ ಬರೆ.
ಹಮಾಲಿ × ಎಣಿಕೆ ಮೊತ್ತದಿಂದ ಕಳೆ.
ಮೊತ್ತದಿಂದ ಬಾಡಿಗೆ ಕಳೆ.
ಮುಂಗಡ ಮೊತ್ತಕ್ಕಿಂತ ಜಾಸ್ತಿ ಇದ್ದರೆ
  ಮುಂಗಡ - ಮೊತ್ತ ಬಾಕಿಗೆ ಬರೆ.
  ಬಾಕಿ ತೋರಿಸು.
ಇಲ್ಲದಿದ್ದರೆ
  ಮೊತ್ತದಿಂದ ಮುಂಗಡ ಕಳೆ.
  ಮೊತ್ತ ತೋರಿಸು.
ಮುಗೀತು.

ನೋಡಲು ಚೀಟಿಯ ಹಾಗಿದ್ದರೂ ಇದು ಓಡುವ ಪ್ರೋಗ್ರಾಂ. ಇದನ್ನು ಓದಿ ಯಂತ್ರ ಓಡಿಸಬಲ್ಲ ಆದೇಶಗಳಾಗಿ ಬದಲಿಸುವುದು ನಾವು ಕಟ್ಟಿದ ಕಂಪೈಲರ್. ಓಡಿಸಿದರೆ 55,232.50 ಅಂತ ತೋರಿಸುತ್ತದೆ. ಅಂಕಿಗಳು ಪರೀಕ್ಷೆಗೆ ಇಟ್ಟುಕೊಂಡವು, ಇವತ್ತಿನ ಪೇಟೆ ಭಾವ ಅಂತ ತಿಳಿಯಬೇಡಿ.

ಹುಬ್ಬಳ್ಳಿ ಅಮರಗೋಳದ ಎಪಿಎಂಸಿ ಯಾರ್ಡಿನಲ್ಲಿ ನಮ್ಮ ಕಾಕಾನ ಅಡತಿ (ದಲ್ಲಾಳಿ) ಅಂಗಡಿ ಇದೆ. ಕುಂದಗೋಳ, ನವಲಗುಂದ ಕಡೆಯ ರೈತರು ಒಣ ಮೆಣಸಿನಕಾಯಿ ತರುತ್ತಾರೆ. ದರ ಕೂಡಿ, ಕಾಟಾ (ತೂಕ) ಆದ ಮೇಲೆ ರೈತರ ಕೈಗೆ ಲೆಕ್ಕದ ಪಟ್ಟಿ ಹೋಗಬೇಕು. ಇದಕ್ಕೆಲ್ಲ ಎಕ್ಸೆಲ್ ಸಾಕಲ್ವಾ ಅಂತ ಕೇಳಬಹುದು. ಎಕ್ಸೆಲ್ ಇತ್ತು. ಅವಸರದಲ್ಲಿ ಯಾರಾದರೂ ಸೂತ್ರ ಇದ್ದ ಕೋಶದ ಮೇಲೆ ಅಂಕಿ ಟೈಪ್ ಮಾಡಿದರೆ ಮುಂದಿನ ಪಟ್ಟಿಗಳೆಲ್ಲ ಹಾಳು. ಅದು ಗೊತ್ತಾಗುವುದು ಸಂಜೆ ಕಿರ್ದಿ (ದಿನದ ಲೆಕ್ಕದ ಪುಸ್ತಕ) ತಾಳೆ ನೋಡುವಾಗ. ನನಗೆ ಬೇಕಾಗಿದ್ದು ಇಷ್ಟೇ: ಲೆಕ್ಕದ ನಿಯಮ ಕಣ್ಣಿಗೆ ಕಾಣುವಂತಿರಬೇಕು, ಅಂಗಡಿಯ ಲೆಕ್ಕ ಬರೆಯುವ ದಿವಾನಜಿಯವರೇ ಅದನ್ನು ಓದಿ ತಿದ್ದುವಂತಿರಬೇಕು. ಅದೇ ಹೊತ್ತಿಗೆ ನನ್ನ ಅಕ್ಕನ ಮಗ ಐದನೇ ಸೆಮಿಸ್ಟರಿನ ಆಟೊಮ್ಯಾಟಾ (ಲೆಕ್ಕ ಮಾಡುವ ಯಂತ್ರಗಳ ಸಿದ್ಧಾಂತ) ಪೇಪರ್ ಹಿಡಿದುಕೊಂಡು, ‘ಇದೆಲ್ಲಾ ಎಲ್ಲಿ ಉಪಯೋಗಕ್ಕ ಬರ್ತೈತಿ ಮಾಮಾ?’ ಅಂತ ಗೊಣಗುತ್ತಿದ್ದ. ಅವನನ್ನೂ ಎಳೆದುಕೊಂಡೆ.

ಸಲಕರಣೆ ಹಳೆಯವೇ: ಸಿ ಭಾಷೆ, ಫ್ಲೆಕ್ಸ್, ಬೈಸನ್. ಬರೆದದ್ದನ್ನು ಪದಗಳಾಗಿ (‘ಟೋಕನ್’ಗಳಾಗಿ) ಒಡೆಯುವ ‘ಲೆಕ್ಸರ್’ ಕಟ್ಟಿಕೊಡುವುದು ಫ್ಲೆಕ್ಸ್. ಆ ಟೋಕನ್‌ಗಳ ಸಾಲನ್ನು ವ್ಯಾಕರಣಕ್ಕೆ ಹೊಂದಿಸಿ ನೋಡುವ ‘ಪಾರ್ಸರ್’ ಕಟ್ಟಿಕೊಡುವುದು ಬೈಸನ್. ಫ್ಲೆಕ್ಸಿನ ಅಜ್ಜ ಲೆಕ್ಸ್, ಬೈಸನ್ನಿನ ಅಜ್ಜ ಯಾಕ್. ಎರಡೂ ಬೆಲ್ ಲ್ಯಾಬ್ಸಿನಲ್ಲಿ 1970ರ ದಶಕದಲ್ಲಿ ಹುಟ್ಟಿದವು. ಯಾಕ್ ಬರೆದವರು ಸ್ಟೀಫನ್ ಜಾನ್ಸನ್. ಲೆಕ್ಸ್ ಬರೆದವರು ಮೈಕ್ ಲೆಸ್ಕ್ ಮತ್ತು ಎರಿಕ್ ಶ್ಮಿಟ್. ಮುಂದೆ ಗೂಗಲ್ಲಿನ ಸಿಇಒ ಆದ ಶ್ಮಿಟ್ ಇವರೇ. ಪೈಥಾನ್ ಭಾಷೆಯಲ್ಲೂ ಮಾಡಬಹುದಿತ್ತು. ಆದರೆ ಪೈಥಾನಿನ ಜೊತೆಗೇ ಬರುವ, ಅಕ್ಷರಗಳ ಮಾದರಿ ಹೇಳಿ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಷನ್ ಲೈಬ್ರರಿಯಲ್ಲಿ ‘ಪದದ ಅಕ್ಷರ’ ಅನ್ನುವ ಗುರುತಿಗೆ ನಮ್ಮ ಸ್ವರ ಚಿಹ್ನೆಗಳು ಸೇರುವುದಿಲ್ಲ. ‘ಹಮಾಲಿ’ ಕೊಟ್ಟರೆ ‘ಹಮ’ ಒಂದು, ‘ಲ’ ಒಂದು ಅಂತ ಎರಡು ತುಂಡು ಕೊಡುತ್ತದೆ. ಅದನ್ನು ಸುತ್ತುಹಾಕುವುದಕ್ಕಿಂತ ಬೈಟುಗಳ ಮಟ್ಟಕ್ಕೇ ಇಳಿದು ಕೆಲಸ ಮಾಡುವುದು ಹುಡುಗನ ಓದಿಗೂ ಒಳ್ಳೆಯದು ಅನ್ನಿಸಿತು.

ಬೈಟ್ ಎಣಿಸುವ ಯಂತ್ರ

ಫ್ಲೆಕ್ಸಿಗೆ ಅಕ್ಷರ ಗೊತ್ತಿಲ್ಲ, ಬೈಟ್ (0ರಿಂದ 255ರೊಳಗಿನ ಒಂದು ಸಂಖ್ಯೆ) ಮಾತ್ರ ಗೊತ್ತು. ಪ್ರತಿ ಲಿಪಿಯ ಚಿಹ್ನೆಗೂ ಒಂದು ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಕನ್ನಡದ ಜಾಗ 3200ರಿಂದ 3327ರವರೆಗೆ. ಆ ಸಂಖ್ಯೆಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಇವು ಒಂದೊಂದೂ ಮೂರು ಬೈಟ್ ಆಗುತ್ತವೆ. ಮೊದಲ ಬೈಟ್ ಯಾವಾಗಲೂ 224. ಎರಡನೆಯದು 178 ಇಲ್ಲವೇ 179. ಮೂರನೆಯದು 128ರಿಂದ 191ರೊಳಗೆ. ಕನ್ನಡದ ಹತ್ತು ಅಂಕಿಗಳು ಮಾತ್ರ 224, 179, ಆಮೇಲೆ 166ರಿಂದ 175.

ಇಷ್ಟು ಸಿಕ್ಕರೆ, ಒಂದೊಂದು ಬೈಟಿಗೂ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಒಂದೇ ದಾರಿ ಹಿಡಿಯುವ ಯಂತ್ರದ, ಅಂದರೆ ಡಿಎಫ್‌ಎ ಚಿತ್ರವನ್ನು ಕಾಗದದ ಮೇಲೇ ಬಿಡಿಸಬಹುದು. ಶುರುವಿನಲ್ಲಿ 224 ಬಂದರೆ ಒಂದನೇ ಸ್ಥಿತಿ. ಅಲ್ಲಿ 178 ಬಂದರೆ ಎರಡನೇ ಸ್ಥಿತಿ, 179 ಬಂದರೆ ಮೂರನೇ ಸ್ಥಿತಿ. ಎರಡರಿಂದ ಮುಂದೆ ಏನು ಬಂದರೂ ಅದು ಅಕ್ಷರವೇ. ಮೂರರಲ್ಲಿ ಮಾತ್ರ ದಾರಿ ಒಡೆಯುತ್ತದೆ: 165ರ ತನಕ ಅಕ್ಷರ, 166ರಿಂದ 175ರ ತನಕ ಅಂಕಿ. ಅಂಕಿಯ ಬೆಲೆ ಬೇಕಾದರೆ ಮೂರನೇ ಬೈಟಿನಿಂದ 166 ಕಳೆದರೆ ಮುಗಿಯಿತು. ಹುಡುಗ ಪರೀಕ್ಷೆಗೆ ಅ-ಬ ಸರಣಿಗಳ ಡಿಎಫ್‌ಎ ಬಿಡಿಸಿ ಬಿಡಿಸಿ ಬೇಸತ್ತಿದ್ದ. ಇದನ್ನು ಬಿಡಿಸಿ, ಫ್ಲೆಕ್ಸಿನ ನಿಯಮವಾಗಿ ಬರೆದು, ‘೧೨’ ಕೊಟ್ಟಾಗ 12 ಅಂತ ಬಂದಿದ್ದೇ ತಡ, ಮುಖದಲ್ಲಿ ಸ್ವಲ್ಪ ಕಳೆ ಬಂತು.

ಆಮೇಲೆ ಶುರುವಾಯಿತು ನೋಡಿ. ದಿವಾನಜಿಯವರು ಟೈಪ್ ಮಾಡಿಕೊಟ್ಟ ಒಂದು ಪಟ್ಟಿಯಲ್ಲಿ ‘೧ಂ ಚೀಲ’ ಅಂತ ಇತ್ತು. ಪರದೆಯ ಮೇಲೆ ಹತ್ತು ಅಂತಲೇ ಕಾಣುತ್ತದೆ. ಒಳಗೆ ಇರುವುದು ಒಂದು ಮತ್ತು ಅನುಸ್ವಾರ. ಸೊನ್ನೆಯ ಬೈಟುಗಳು 224, 179, 166. ಅನುಸ್ವಾರದ್ದು 224, 178, 130. ನಮ್ಮ ಲೆಕ್ಸರ್ ಇದನ್ನು ‘ಒಂದು’ ಅನ್ನುವ ಅಂಕಿ, ಅದರ ಪಕ್ಕ ಅನುಸ್ವಾರದಷ್ಟೇ ಇರುವ ಒಂದು ಹೆಸರು ಅಂತ ಓದಿ, ಪಾರ್ಸರಿನ ಹತ್ತಿರ ಹೋಗಿ ತಲೆಬುಡ ಇಲ್ಲದ ತಪ್ಪು ಹೇಳುತ್ತಿತ್ತು. ‘ಅಂಕಿ ಆದ ಮ್ಯಾಲೆ ಅನುಸ್ವಾರ ಬಂದ್ರ ಸೊನ್ನಿ ಅಂತ ತಗೊಂಡ್ಬಿಡೂಣು ಮಾಮಾ’ ಅಂದ ಹುಡುಗ. ನಾನು ಬೇಡ ಅಂದೆ. ರೊಕ್ಕದ ಲೆಕ್ಕದಲ್ಲಿ ಯಂತ್ರ ಊಹೆ ಮಾಡಬಾರದು. ಅಂಕಿ ಆದ ಮೇಲೆ ಅನುಸ್ವಾರ ಬಂದರೆ ‘ಇಲ್ಲಿ ಸೊನ್ನೆಯ ಬದಲು ಅನುಸ್ವಾರ ಬಿದ್ದಿದೆ’ ಅಂತ ನೇರವಾಗಿ ಹೇಳುವ ಪ್ರತ್ಯೇಕ ನಿಯಮ ಹಾಕಿದೆವು.

ಎರಡನೇ ಕಾಟ ಕಣ್ಣಿಗೇ ಕಾಣದ್ದು. ‘ಟ್ರಾನ್ಸ್‌ಪೋರ್ಟ್’ ಅಂತ ಬರೆಯುವಾಗ ಒತ್ತಕ್ಷರ ಆಗದಂತೆ ನಡುವೆ ಒಂದು ಅಗಲವಿಲ್ಲದ ಗುರುತು ಸೇರುತ್ತದೆ. ಅದರ ಬೈಟುಗಳು 226, 128, 140. ಅದು ಕನ್ನಡದ ಜಾಗದಲ್ಲೇ ಇಲ್ಲ, ಹಾಗಾಗಿ ಪದ ಅಲ್ಲಿಗೆ ಮುರಿಯುತ್ತಿತ್ತು. ಪದದ ಒಳಗೆ ಅದನ್ನು ಬಿಟ್ಟುಕೊಂಡೆವು. ಆದರೆ ಹೆಸರನ್ನು ಕೋಷ್ಟಕಕ್ಕೆ ಹಾಕುವಾಗ ತೆಗೆದು ಹಾಕುತ್ತೇವೆ, ಇಲ್ಲದಿದ್ದರೆ ನೋಡಲು ಒಂದೇ ಆದ ಎರಡು ಹೆಸರು ಹುಟ್ಟಿಕೊಳ್ಳುತ್ತವೆ.

ಮೂರನೆಯದು ಇನ್ನೂ ಮಜಾ. ‘ಮೊತ್ತ’ ಅಂತ ಸರಿಯಾಗಿಯೇ ಬರೆದಿದೆ, ಯಂತ್ರ ಮಾತ್ರ ‘ಮೊತ್ತ ಅನ್ನುವ ಹೆಸರು ಹೇಳಿಲ್ಲ’ ಅನ್ನುತ್ತದೆ. ಬೈಟ್ ತೆಗೆದು ನೋಡಿದರೆ ಒಂದು ಕಡೆ ‘ೊ’ ಒಂದೇ ಚಿಹ್ನೆ, ಇನ್ನೊಂದು ಕಡೆ ‘ೆ’ ಮತ್ತು ‘ೂ’ ಎರಡು ಸೇರಿ ಆದದ್ದು. ಯೂನಿಕೋಡ್ ಪ್ರಕಾರ ಎರಡೂ ಸಮ. ಕನ್ನಡದಲ್ಲಿ ಹೀಗೆ ಬಿಡಿಸಿಯೂ ಬರೆಯಬಹುದಾದ ಚಿಹ್ನೆಗಳು ಐದು: ‘ೀ’, ‘ೇ’, ‘ೈ’, ‘ೊ’, ‘ೋ’. ಐದೇ ಆದ್ದರಿಂದ ದೊಡ್ಡ ಲೈಬ್ರರಿ ತಂದು ಹಾಕಲಿಲ್ಲ. ಬಿಡಿ ರೂಪ ಕಂಡರೆ ಕೂಡಿದ ರೂಪಕ್ಕೆ ಬದಲಿಸುವ ಪುಟ್ಟ ಫಂಕ್ಷನ್ ಬರೆದು ಲೆಕ್ಸರಿನ ಮುಂದೆ ಕೂರಿಸಿದೆವು.

ಅಂಕಿ ಬರೆಯುವ ರೂಢಿಗಳನ್ನೂ ಲೆಕ್ಸರೇ ನೋಡಿಕೊಳ್ಳಬೇಕು. 1,25,000 ಅನ್ನುವುದು ಒಂದೇ ಅಂಕಿ. ಕೊನೆಯ ಗುಂಪು ಮೂರರದು, ಹಿಂದಿನವು ಎರಡೆರಡರವು, ಮೊದಲನೆಯದು ಒಂದೋ ಎರಡೋ. ಇದು ಅಚ್ಚುಕಟ್ಟಾದ ರೆಗ್ಯುಲರ್ ಎಕ್ಸ್‌ಪ್ರೆಷನ್. ‘900/-’ನಲ್ಲಿ ಭಾಗಾಕಾರ, ಮೈನಸ್ ಎರಡೂ ಇದ್ದ ಹಾಗೆ ಕಾಣುತ್ತದೆ. ಫ್ಲೆಕ್ಸ್ ಯಾವಾಗಲೂ ಅತಿ ಉದ್ದ ಹೊಂದುವುದನ್ನೇ ಹಿಡಿಯುತ್ತದೆ, ಆದ್ದರಿಂದ ‘/-’ ಅನ್ನುವುದಕ್ಕೆ ಒಂದು ನಿಯಮ ಕೊಟ್ಟರೆ ‘/’ ಹಿಂದೆ ಬೀಳುತ್ತದೆ. ಇನ್ನು ದಶಮಾಂಶದ ಚುಕ್ಕೆಗೂ ವಾಕ್ಯ ಮುಗಿಸುವ ಚುಕ್ಕೆಗೂ ಜಗಳ ಬರಬಹುದು ಅಂತ ಕಾಯುತ್ತಿದ್ದೆ. ಬರಲೇ ಇಲ್ಲ. ನಮ್ಮ ವಾಕ್ಯ ಮುಗಿಯುವುದು ಕ್ರಿಯಾಪದದಿಂದ. ಚುಕ್ಕೆಯ ಹಿಂದೆ ಅಂಕಿ ಬರುವ ಪ್ರಶ್ನೆಯೇ ಇಲ್ಲ.

ವಿಭಕ್ತಿಯನ್ನು ಹಿಂದಿನಿಂದ ಓದುವುದು

ಇಲ್ಲಿ ಒಂದು ನಿರ್ಧಾರ ತೆಗೆದುಕೊಳ್ಳಬೇಕಾಯಿತು. ‘ಮೊತ್ತ ಕ್ಕೆ’ ಅಂತ ಬಿಡಿಸಿ ಬರೆಯಿರಿ ಅಂತ ಹೇಳಿಬಿಟ್ಟರೆ ನಮಗೆ ಕೆಲಸ ಸಲೀಸು. ಆದರೆ ಹಾಗೆ ಯಾರೂ ಬರೆಯುವುದಿಲ್ಲ. ದಿವಾನಜಿಯವರಿಗೆ ಅದನ್ನು ತೋರಿಸಿದರೆ ಎಕ್ಸೆಲ್ಲೇ ವಾಸಿ ಅನ್ನುತ್ತಾರೆ. ಹಾಗಾಗಿ ‘ಮೊತ್ತಕ್ಕೆ’ ಅನ್ನುವ ಇಡೀ ಪದದಿಂದ ‘ಮೊತ್ತ’ ಮತ್ತು ‘ಕ್ಕೆ’ ಎರಡನ್ನೂ ನಾವೇ ಬಿಡಿಸಬೇಕು.

ಎಡದಿಂದ ಬಲಕ್ಕೆ ಓದಿದರೆ ಪ್ರತಿ ಅಕ್ಷರದಲ್ಲೂ ‘ಪ್ರತ್ಯಯ ಇಲ್ಲಿಂದ ಶುರುವಾಯಿತೇ?’ ಅಂತ ಊಹಿಸುತ್ತಾ ಹೋಗಬೇಕು. ಒಂದೇ ಕಡೆಯಿಂದ ಹಲವು ದಾರಿ ಹಿಡಿಯಬಹುದಾದ ಯಂತ್ರ ಬೇಕು. ಅದು ಎನ್‌ಎಫ್‌ಎ. ಗಣಕ ವಿಜ್ಞಾನಿಗಳಾದ ರಾಬಿನ್ ಮತ್ತು ಸ್ಕಾಟ್ 1959ರಲ್ಲೇ ತೋರಿಸಿದ ಹಾಗೆ ಯಾವ ಎನ್‌ಎಫ್‌ಎಯನ್ನೂ ಡಿಎಫ್‌ಎ ಮಾಡಬಹುದು, ಆದರೆ ಸ್ಥಿತಿಗಳು ಹೆಚ್ಚಬಹುದು. ಬಲದಿಂದ ಎಡಕ್ಕೆ ಓದಿದರೆ ಊಹೆಯೇ ಬೇಡ. ರೆಗ್ಯುಲರ್ ಭಾಷೆಯನ್ನು (ಇಂಥ ಯಂತ್ರ ಗುರುತಿಸಬಲ್ಲ ಪದಗಳ ಗುಂಪನ್ನು) ತಿರುಗಿಸಿದರೂ ಅದು ರೆಗ್ಯುಲರ್ ಆಗಿಯೇ ಉಳಿಯುತ್ತದೆ ಅನ್ನುವ ಪ್ರಮೇಯ ಹುಡುಗನ ನೋಟ್ಸಿನಲ್ಲಿ ಎರಡು ಅಂಕದ ಪ್ರಶ್ನೆಯಾಗಿ ಕೂತಿತ್ತು. ಇಲ್ಲಿ ಅದೇ ಕೆಲಸಕ್ಕೆ ಬಂತು. ಕೊನೆಯಿಂದ ‘ೆ’, ‘ಕ’, ‘್’, ‘ಕ’ ಬಂದರೆ ‘ಕ್ಕೆ’. ಕೊನೆಯಿಂದ ‘ದ’, ‘ಂ’, ‘ಿ’ ಬಂದರೆ ‘ಇಂದ’ದ ಯಾವುದೋ ರೂಪ.

ಸಂಧಿ ಬಿಡುವುದಿಲ್ಲವಲ್ಲ. ‘ಅ’ದಲ್ಲಿ ಮುಗಿಯುವ ಹೆಸರಿಗೆ ‘ಮೊತ್ತಕ್ಕೆ, ಮೊತ್ತದಿಂದ, ಮೊತ್ತಕ್ಕಿಂತ’. ‘ಇ’, ‘ಎ’ಗಳಲ್ಲಿ ಮುಗಿದರೆ ‘ಬಾಕಿಗೆ, ಬಾಕಿಯಿಂದ, ಬಾಕಿಗಿಂತ’. ‘ಉ’ದಲ್ಲಿ ಮುಗಿದರೆ ಹೆಸರಿನ ಬಾಲವೇ ಬದಲಾಗುತ್ತದೆ: ‘ಒಟ್ಟು’ ಹೋಗಿ ‘ಒಟ್ಟಿಗೆ, ಒಟ್ಟಿನಿಂದ’. ಇದಕ್ಕೆ ಪ್ರತ್ಯಯ ತೆಗೆದ ಮೇಲೆ ಕೊನೆಯ ‘ಿ’ಯನ್ನು ‘ು’ ಮಾಡಿ ಮತ್ತೊಮ್ಮೆ ಹುಡುಕುತ್ತೇವೆ. ಮನುಷ್ಯರ ಹೆಸರುಗಳಿಗೆ ಬರುವ ‘ನಿಗೆ’, ‘ನಿಂದ’ ಎಲ್ಲ ಬೇಡ ಅಂತ ಬಿಟ್ಟೆವು. ಪಟ್ಟಿಯ ಲೆಕ್ಕದಲ್ಲಿ ಮನುಷ್ಯರನ್ನು ಕೂಡಿಸಿ ಕಳೆಯುವುದಿಲ್ಲ.

ಅಂಗಡಿಯಲ್ಲಿ ಮೊದಲ ಸಲ ಬಿಟ್ಟಾಗ ದಿವಾನಜಿಯವರು ಬರೆದದ್ದು ‘ಮೊತ್ತಕ್ಕ’. ಅವರು ಮಾತಾಡುವುದೂ ಹಾಗೆಯೇ. ಈ ಕಡೆ ಬಾಯಲ್ಲಿ ‘ಕ್ಕೆ’ ಬರುವುದೇ ಅಪರೂಪ. ಡಿಎಫ್‌ಎಗೆ ಒಂದು ಬಾಣ ಜಾಸ್ತಿ ಆಯಿತು, ಅಷ್ಟೇ. ‘ಬಾಕಿಗ’ ಕೂಡ ಹಾಗೆಯೇ ಒಳಗೆ ಬಂತು.

ಹೆಸರಿನ ಕೊನೆಯೇ ಪ್ರತ್ಯಯದ ಹಾಗೆ ಕಂಡರೆ? ಅದಕ್ಕೆ ಲೆಕ್ಸರ್ ಮೊದಲು ಇಡೀ ಪದವನ್ನು ಹೆಸರುಗಳ ಕೋಷ್ಟಕದಲ್ಲಿ ಹುಡುಕುತ್ತದೆ. ಸಿಗದಿದ್ದರೆ ಮಾತ್ರ ಪ್ರತ್ಯಯ ಕಳಚುತ್ತದೆ. ಅಂದರೆ ಟೋಕನ್ ಯಾವುದು ಅಂತ ಹೇಳಲು ಮೇಲೆ ಏನೇನು ಘೋಷಿಸಿದ್ದಾರೆ ಅನ್ನುವುದು ಗೊತ್ತಿರಬೇಕು. ಶುದ್ಧ ಸಿದ್ಧಾಂತದವರು ಮೂಗು ಮುರಿಯುತ್ತಾರೆ. ಆದರೆ ಸಿ ಭಾಷೆಯಲ್ಲೂ ಇದೇ ಗೋಳು. ‘ಅ * ಬ;’ ಅಂತ ಬರೆದರೆ ಅದು ಗುಣಾಕಾರವೋ, ಪಾಯಿಂಟರ್ (ನೆನಪಿನ ವಿಳಾಸ ಇಡುವ ಹೆಸರು) ಘೋಷಣೆಯೋ ಅನ್ನುವುದು ‘ಅ’ ಅನ್ನುವುದು ಟೈಪಿನ ಹೆಸರು ಹೌದೋ ಅಲ್ಲವೋ ಅನ್ನುವುದರ ಮೇಲೆ ನಿಂತಿದೆ. ಐವತ್ತು ವರ್ಷದಿಂದ ಸಿ ಕಂಪೈಲರುಗಳು ಇದನ್ನು ಕಟ್ಟಿಕೊಂಡು ಬದುಕಿವೆ, ನಾವೂ ಬದುಕುತ್ತೇವೆ.

ಮೊದಲ ಪದ ಏನನ್ನೂ ಹೇಳುವುದಿಲ್ಲ

ಪಾರ್ಸರಿಗೆ ಬರುವ ಮೊದಲು ಹುಡುಗ ಕೇಳಿದ: ‘ಇದಕ್ಕೂ ರೆಗ್ಯುಲರ್ ಎಕ್ಸ್‌ಪ್ರೆಷನ್ನೇ ಸಾಕಲ್ಲೇನು?’ ಆವರಣ ಇಲ್ಲದಿದ್ದರೆ ಹತ್ತಿರ ಹತ್ತಿರ ಸಾಕು. ಆವರಣದೊಳಗೆ ಆವರಣ ಬಂದ ಕೂಡಲೇ ಎಷ್ಟು ತೆರೆದಿದೆ ಅಂತ ಎಣಿಸಬೇಕು, ಡಿಎಫ್‌ಎ ಹತ್ತಿರ ಇರುವುದು ಲೆಕ್ಕ ಹಾಕಿದಷ್ಟೇ ಸ್ಥಿತಿ. ಪಂಪಿಂಗ್ ಲೆಮ್ಮಾ ಅನ್ನುವ ಪ್ರಮೇಯ ಹೇಳುವುದು ಇದನ್ನೇ. ಮುಂದೆ ಹೋದೆವು.

ವ್ಯಾಕರಣದ ತಿರುಳು ಇದು (‘|’ ಅಂದರೆ ‘ಇಲ್ಲವೇ’; ‘ಗೆ-ಹೆಸರು’ ಅಂದರೆ ‘ಗೆ’, ‘ಕ್ಕೆ’ ಹತ್ತಿದ ಹೆಸರು; ‘ಲೆಕ್ಕ’ ಅಂದರೆ ಒಂದು ಹೆಸರು ಇಲ್ಲವೇ ‘ತೂಕ × ದರ’ದಂಥದ್ದು):

ವಾಕ್ಯ → ಗೆ-ಹೆಸರು ಲೆಕ್ಕ ಬರೆ
  | ಲೆಕ್ಕ ಗೆ-ಹೆಸರು ಬರೆ
  | ಗೆ-ಹೆಸರು ಲೆಕ್ಕ ಕೂಡಿಸು
  | ಲೆಕ್ಕ ಗೆ-ಹೆಸರು ಕೂಡಿಸು
  | ಇಂದ-ಹೆಸರು ಲೆಕ್ಕ ಕಳೆ
  | ಲೆಕ್ಕ ಇಂದ-ಹೆಸರು ಕಳೆ
  | ಲೆಕ್ಕ ತೋರಿಸು
  | ಷರತ್ತು ಇದ್ದರೆ ವಾಕ್ಯಗಳು ಮುಗೀತು
  | ಷರತ್ತು ಇದ್ದರೆ ವಾಕ್ಯಗಳು ಇಲ್ಲದಿದ್ದರೆ ವಾಕ್ಯಗಳು ಮುಗೀತು
ಷರತ್ತು → ಲೆಕ್ಕ ಕಿಂತ-ಹೆಸರು ಜಾಸ್ತಿ
  | ಲೆಕ್ಕ ಕಿಂತ-ಹೆಸರು ಕಡಿಮೆ

‘ಬಾಡಿಗೆ ಮೊತ್ತದಿಂದ ಕಳೆ’ ಅಂದರೂ ‘ಮೊತ್ತದಿಂದ ಬಾಡಿಗೆ ಕಳೆ’ ಅಂದರೂ ಅರ್ಥ ಒಂದೇ. ಯಾರಿಂದ ಯಾರನ್ನು ಅನ್ನುವುದನ್ನು ವಿಭಕ್ತಿ ಹೇಳುತ್ತದೆ, ಜಾಗ ಹೇಳುವುದಿಲ್ಲ. ಅದಕ್ಕೇ ಎರಡೆರಡು ಸಾಲು.

ಕಾಲೇಜಿನಲ್ಲಿ ಮೊದಲು ಕಲಿಸುವುದು ಮೇಲಿನಿಂದ ಕೆಳಕ್ಕೆ ಇಳಿಯುವ ಪಾರ್ಸಿಂಗ್, ಅಂದರೆ ಎಲ್‌ಎಲ್(1). ಒಂದು ಟೋಕನ್ ಮುಂದೆ ನೋಡು, ಯಾವ ನಿಯಮ ಅಂತ ನಿರ್ಧರಿಸು, ಇಳಿ. ನಿಕ್ಲಾಸ್ ವಿರ್ತ್ 1970ರಲ್ಲಿ ಹೊರತಂದ ಪಾಸ್ಕಲ್ ಭಾಷೆಗೆ ಇದು ಚೆನ್ನಾಗಿ ಒಗ್ಗುತ್ತದೆ. ‘ಇದು ಷರತ್ತು’, ‘ಇದು ಸುತ್ತು’ ಅಂತ ಅಲ್ಲಿ ವಾಕ್ಯದ ಮೊದಲ ಪದವೇ ಹೇಳಿಬಿಡುತ್ತದೆ. ನಮ್ಮ ಪಟ್ಟಿಯಲ್ಲಿ ‘ಮುಂಗಡ’ ಅಂತ ಒಂದು ಪದ ಬಂತು ಅಂತಿಟ್ಟುಕೊಳ್ಳಿ. ಇದು ‘ಮುಂಗಡ ತೋರಿಸು’ ಆಗಬಹುದು, ‘ಮುಂಗಡ ಮೊತ್ತದಿಂದ ಕಳೆ’ ಆಗಬಹುದು, ‘ಮುಂಗಡ ಮೊತ್ತಕ್ಕಿಂತ ಜಾಸ್ತಿ ಇದ್ದರೆ’ ಕೂಡ ಆಗಬಹುದು. ಎರಡು ಟೋಕನ್ ನೋಡಿದರೆ? ಮೂರು ನೋಡಿದರೆ? ಲೆಕ್ಕ ಎಷ್ಟು ಉದ್ದ ಬೇಕಾದರೂ ಇರಬಹುದಾದ್ದರಿಂದ ಎಷ್ಟು ಅಂತ ಗೊತ್ತು ಮಾಡಿಕೊಂಡು ಮುಂದೆ ನೋಡಿದರೂ ಈ ವ್ಯಾಕರಣಕ್ಕೆ ಸಾಲದು.

ಲೆಫ್ಟ್ ಫ್ಯಾಕ್ಟರಿಂಗ್ ಮಾಡಿ ದಾರಿ ಮಾಡಿಕೊಳ್ಳಬಹುದು. ಸಾಮಾನ್ಯವಾದ ತಲೆಯನ್ನೆಲ್ಲ ಮೇಲಕ್ಕೆ ಎಳೆದು, ಉಳಿದ ಬಾಲಗಳನ್ನು ಬೇರೆ ನಿಯಮ ಮಾಡಬೇಕು. ಮಾಡಿ ನೋಡಿದೆವು. ನಡೆಯುತ್ತದೆ. ಆದರೆ ‘ಲೆಕ್ಕದ ಬಾಲ’, ‘ಗೆ-ಹೆಸರಿನ ಬಾಲ’, ‘ಬಾಲದ ಬಾಲ’ ಅಂತ ನಿಯಮಗಳು ಹುಟ್ಟಿ, ಮೇಲೆ ಬರೆದ ವ್ಯಾಕರಣದ ಗುರುತೇ ಸಿಗದ ಹಾಗಾಯಿತು. ದಿವಾನಜಿಯವರು ನಾಳೆ ‘ಸೂಟು ಕೊಡು’ (ರಿಯಾಯಿತಿ ಕೊಡು) ಅಂತ ಹೊಸ ಕ್ರಿಯಾಪದ ಕೇಳಿದರೆ ಎಲ್ಲಿ ಸೇರಿಸುವುದು ಅಂತ ನಾನೇ ಹುಡುಕಬೇಕು.

ಬೈಸನ್ ಮಾಡುವುದು ಉಲ್ಟಾ ಕೆಲಸ. ಗಣಕ ವಿಜ್ಞಾನಿ ಕನೂತ್ 1965ರಲ್ಲಿ ಕೆಳಗಿನಿಂದ ಮೇಲಕ್ಕೆ ಕಟ್ಟುವ ಎಲ್‌ಆರ್ ಪಾರ್ಸಿಂಗ್ ಕೊಟ್ಟರು. ಡಿರೆಮರ್ 1969ರಲ್ಲಿ ಅದರ ಕೋಷ್ಟಕ ಚಿಕ್ಕದಾಗುವ ಎಲ್‌ಎಎಲ್‌ಆರ್ ಕೊಟ್ಟರು. ಬೈಸನ್ ತಾನಾಗಿ ಬಳಸುವುದು ಅದನ್ನೇ. ಇದು ಮೊ‌ದಲೇ ನಿರ್ಧಾರ ಮಾಡುವುದಿಲ್ಲ. ಬಂದದ್ದನ್ನು ಒಂದರ ಮೇಲೊಂದು ಪೇರಿಸುವ ಸ್ಟ್ಯಾಕಿನ ಮೇಲೆ ಇಟ್ಟುಕೊಳ್ಳುತ್ತಾ ಹೋಗುತ್ತದೆ, ಒಂದು ನಿಯಮದ ಬಲಭಾಗ ಪೂರ್ತಿ ಆದಾಗ ಅದನ್ನು ಕುಗ್ಗಿಸುತ್ತದೆ.

‘ಹಮಾಲಿ × ಎಣಿಕೆ ಮೊತ್ತದಿಂದ ಕಳೆ.’ ಇದನ್ನು ಹತ್ತಿರದಿಂದ ನೋಡಿ. ‘ಹಮಾಲಿ’ ಸ್ಟ್ಯಾಕಿಗೆ ಬಂತು, ‘ಲೆಕ್ಕ’ ಆಯಿತು. ‘×’ ಬಂತು, ಕೂತಿತು. ‘ಎಣಿಕೆ’ ಬಂತು, ಅದೂ ‘ಲೆಕ್ಕ’ ಆಯಿತು. ಈಗ ಮುಂದೆ ‘ಮೊತ್ತದಿಂದ’ ಕಾಣುತ್ತಿದೆ. ಗುಣಾಕಾರ ಇಲ್ಲಿಗೆ ಮುಗಿದಿದೆ ಅಂತ ತಿಳಿದು ‘ಲೆಕ್ಕ × ಲೆಕ್ಕ’ ಕುಗ್ಗಿ ಒಂದೇ ‘ಲೆಕ್ಕ’ ಆಗುತ್ತದೆ. ಸ್ಟ್ಯಾಕಿನಲ್ಲಿ ಈಗ ‘ಲೆಕ್ಕ, ಇಂದ-ಹೆಸರು’. ಇಲ್ಲಿಯವರೆಗೂ ಇದು ಯಾವ ವಾಕ್ಯ ಅಂತ ಪಾರ್ಸರ್ ಹೆಸರಿಟ್ಟಿಲ್ಲ, ಇಡುವ ಅಗತ್ಯವೂ ಬಿದ್ದಿಲ್ಲ. ‘ಕಳೆ’ ಬಂತು, ಮೂರೂ ಸೇರಿ ‘ವಾಕ್ಯ’ ಆಯಿತು. ಕ್ರಿಯಾಪದ ಬರುವ ತನಕ ತಾಳ್ಮೆಯಿಂದ ಕೂರುವ ಯಂತ್ರ ನಮ್ಮ ಮಾತಿಗೆ ಹೇಳಿ ಮಾಡಿಸಿದ ಹಾಗಿದೆ. ಕನ್ನಡದಲ್ಲಿ ಪ್ರೋಗ್ರಾಮಿಂಗ್ ಭಾಷೆ ಮಾಡುತ್ತೇವೆ ಅನ್ನುವವರಲ್ಲಿ ಹಲವರು ಇಂಗ್ಲಿಷ್ ಪದ ತೆಗೆದು ಅದೇ ಜಾಗದಲ್ಲಿ ಕನ್ನಡ ಪದ ಕೂರಿಸುತ್ತಾರೆ. ಅದನ್ನು ಓದುವಾಗ ಬಾಯಿ ತೊದಲುತ್ತದೆ. ಪದಕ್ಕಿಂತ ಪದಗಳ ಸಾಲು ಮುಖ್ಯ, ಮತ್ತು ಆ ಸಾಲಿಗೆ ಬೇಕಾದ ಸಿದ್ಧಾಂತ ಆಗಲೇ ಪಠ್ಯದಲ್ಲಿದೆ.

ಬೈಸನ್ ಒಂದೇ ಒಂದು ಕಡೆ ಗುರ್ ಅಂದಿತು: ಒಂದು ಶಿಫ್ಟ್-ರಿಡ್ಯೂಸ್ ಸಂಘರ್ಷ, ಅಂದರೆ ಮುಂದಿನ ಪದ ಪೇರಿಸುವುದೋ, ಇರುವುದನ್ನು ಕುಗ್ಗಿಸುವುದೋ ಅನ್ನುವ ಗೊಂದಲ. ಆಗ ‘ಮುಗೀತು’ ಅನ್ನುವ ಪದ ಇರಲಿಲ್ಲ. ‘ಇದ್ದರೆ’ ಒಳಗೆ ಇನ್ನೊಂದು ‘ಇದ್ದರೆ’ ಬಂದು, ಆಮೇಲೆ ‘ಇಲ್ಲದಿದ್ದರೆ’ ಬಂದರೆ ಅದು ಯಾರದ್ದು? ಬೈಸನ್ ತನ್ನಷ್ಟಕ್ಕೆ ಶಿಫ್ಟ್ ಆರಿಸಿ ಹತ್ತಿರದ ‘ಇದ್ದರೆ’ಗೆ ಅಂಟಿಸುತ್ತದೆ. ಸಿ ಭಾಷೆಯ ರೂಢಿಯೂ ಅದೇ. ಆದರೆ ಮುಂಗಡದ ಲೆಕ್ಕದಲ್ಲಿ ಅದನ್ನು ನೆನಪಿಟ್ಟುಕೊಳ್ಳಿ ಅಂತ ಯಾರಿಗೂ ಹೇಳಲಾಗದು. ‘ಮುಗೀತು’ ಕಡ್ಡಾಯ ಮಾಡಿದೆವು, ಸಂಘರ್ಷ ಹೋಯಿತು.

ತಪ್ಪು ಹೇಳುವ ರೀತಿ

ಒಂದು ವಾಕ್ಯ ಕೆಟ್ಟರೆ ಚುಕ್ಕೆಯ ತನಕ ಬಿಟ್ಟು ಮುಂದಿನದರಿಂದ ಮತ್ತೆ ಓದುವಂತೆ ಮಾಡಿದೆವು. ಹೀಗಾಗಿ ಎಲ್ಲ ತಪ್ಪೂ ಒಂದೇ ಸಲಕ್ಕೆ ಕಾಣುತ್ತವೆ. ಮೊದಲು ‘ಸಾಲು 3, ಅಕ್ಷರ 41’ ಅಂತ ತೋರಿಸುತ್ತಿದ್ದೆವು. ಫ್ಲೆಕ್ಸ್ ಕೊಡುವುದು ಬೈಟಿನ ಲೆಕ್ಕ, ಒಂದು ಚಿಹ್ನೆಗೆ ಮೂರು. ಅದನ್ನು ಮೂರರಿಂದ ಭಾಗಿಸಿದರೂ ‘ಕ್ಕೆ’ ಒಂದೇ ಅಕ್ಷರಕ್ಕೆ ನಾಲ್ಕು ಚಿಹ್ನೆ. ದಿವಾನಜಿಯವರು ಒಂದೇ ಮಾತಿನಲ್ಲಿ ಮುಗಿಸಿದರು: ‘ನಲವತ್ತೊಂದನೇ ಅಕ್ಷರ ಅಂದ್ರ ನಾ ಎಣಸ್ಕೋತ ಕೂಡ್ಲೇನ್ರಿ? ಯಾವ ಪದ ಅಂತ ತೋರಸ್ರಿ.’ ಈಗ ಪದವನ್ನೇ ತೋರಿಸುತ್ತೇವೆ. ಬೈಸನ್ನಿನ ಹಳೆಯ ವಿವರದ ಸಂದೇಶದಲ್ಲಿ ಕನ್ನಡದ ಟೋಕನ್ ಹೆಸರುಗಳು ಬರೀ ಅಂಕಿಗಳಾಗಿ ಬೀಳುತ್ತವೆ. 3.6ರಿಂದ ಮುಂದಿನ ಆವೃತ್ತಿಯಲ್ಲಿ ‘ಡೀಟೇಲ್ಡ್’ ಅನ್ನುವ ಆಯ್ಕೆ ಹಾಕಿದರೆ ಹಾಗೇ ಕನ್ನಡದಲ್ಲಿ ಬರುತ್ತವೆ.

ವ್ಯಾಕರಣಕ್ಕೆ ಸಿಗದ ತಪ್ಪುಗಳೂ ಇವೆ. ‘ಮೊತ್ತಕ್ಕೆ ಎಣಿಕೆ ಕೂಡಿಸು’ ವಾಕ್ಯವಾಗಿ ಸರಿ, ಲೆಕ್ಕವಾಗಿ ಅಸಂಬದ್ಧ. ಇದಕ್ಕೆ ಪ್ರತಿ ಹೆಸರಿಗೂ ಮೂರು ಅಂಕಿಯ ಒಂದು ಚೀಟಿ ಅಂಟಿಸಿದೆವು: ರೂಪಾಯಿ, ತೂಕ, ಚೀಲ. ದರ ಅಂದರೆ (1, -1, 0). ತೂಕ (0, 1, 0). ಗುಣಿಸಿದಾಗ ಚೀಟಿಗಳನ್ನು ಕೂಡಿಸು: (1, 0, 0), ಅಂದರೆ ಶುದ್ಧ ರೂಪಾಯಿ. ಹಮಾಲಿ (1, 0, -1), ಎಣಿಕೆ (0, 0, 1), ಕೂಡಿದರೆ ಅದೂ ರೂಪಾಯಿ. ಬರೆಯುವಾಗ, ಕೂಡುವಾಗ, ಕಳೆಯುವಾಗ, ಹೋಲಿಸುವಾಗ ಎರಡೂ ಕಡೆಯ ಚೀಟಿ ಒಂದೇ ಇರಬೇಕು. ಇಡೀ ಕಂಪೈಲರಿನಲ್ಲಿ ಅತಿ ಚಿಕ್ಕ ಭಾಗ ಇದು, ಅಂಗಡಿಗೆ ಅತಿ ಜಾಸ್ತಿ ಉಪಯೋಗಕ್ಕೆ ಬಂದದ್ದೂ ಇದೇ. ಹಮಾಲಿಯನ್ನು ಚೀಲದಿಂದ ಗುಣಿಸುವುದು ಮರೆತು ನೇರ ಕಳೆದರೆ ತಕ್ಷಣ ಹಿಡಿಯುತ್ತದೆ.

ದಶಮಾಂಶವನ್ನು ಒಳಗೆ ಎಲ್ಲೂ ಇಟ್ಟಿಲ್ಲ. ರೊಕ್ಕ ಪೈಸೆಯಲ್ಲಿ, ತೂಕ ಗ್ರಾಂನಲ್ಲಿ, ಎಲ್ಲ ಪೂರ್ಣಾಂಕ. ಮೇಲಿನ ಪಟ್ಟಿಯಲ್ಲಿ 4,12,500 ಗ್ರಾಂ, ಕ್ವಿಂಟಲಿಗೆ 18,50,000 ಪೈಸೆ. ಮೊದಲು ಗುಣಿಸಿ, ಆಮೇಲೆ ಒಂದು ಕ್ವಿಂಟಲಿನ 1,00,000 ಗ್ರಾಂನಿಂದ ಭಾಗಿಸಬೇಕು. ನಡುವೆ ಬರುವ ಗುಣಲಬ್ಧ ಎಪ್ಪತ್ತಾರು ಸಾವಿರ ಕೋಟಿ ದಾಟುತ್ತದೆ. 32 ಬಿಟ್ಟಿನ ಪೂರ್ಣಾಂಕ 214 ಕೋಟಿಗೇ ಸುಸ್ತು. 64 ಬಿಟ್ ಬೇಕೇ ಬೇಕು. ಭಾಗಿಸಿ ಬಂದದ್ದು 76,31,250 ಪೈಸೆ, ಅಂದರೆ 76,312.50 ರೂಪಾಯಿ. ಹಮಾಲಿ 180, ಬಾಡಿಗೆ 900, ಮುಂಗಡ 20,000 ಹೋದರೆ ಮೇಲೆ ಹೇಳಿದ ಮೊತ್ತ.

ಕೋಡ್ ಹುಟ್ಟಿಸುವುದು ಬೇಗ ಮುಗಿಯಿತು. ಒಂದು ಪುಟ್ಟ ಸ್ಟ್ಯಾಕ್ ಯಂತ್ರ: ‘ತುಂಬು ಮೊತ್ತ, ತುಂಬು ಹಮಾಲಿ, ತುಂಬು ಎಣಿಕೆ, ಗುಣಿಸು, ಕಳೆ, ಇಡು ಮೊತ್ತ’. ಇಲ್ಲೂ ಕ್ರಿಯೆ ಕೊನೆಗೇ ಬರುವುದರಿಂದ ಹುಡುಗನಿಗೆ ಓದಲು ಕಷ್ಟವೇ ಆಗಲಿಲ್ಲ. ಒಂದೇ ಎಚ್ಚರ: ‘ಲೆಕ್ಕ’ ಮೊದಲು ಬಂದ ವಾಕ್ಯದಲ್ಲಿ ಓದಿದ ಕ್ರಮದಲ್ಲೇ ತುಂಬಿದರೆ ಕಳೆಯುವಾಗ ಎಡಬಲ ಅದಲುಬದಲಾಗುತ್ತದೆ. ಆದ್ದರಿಂದ ಮೊದಲು ಮರ ಕಟ್ಟಿ, ಯಾವ ಕ್ರಮದಲ್ಲಿ ಬರೆದಿದ್ದರೂ ಒಂದೇ ರೀತಿಯ ಮರ ಮಾಡಿ, ಅಲ್ಲಿಂದ ಕೋಡ್ ತೆಗೆಯುತ್ತೇವೆ.

ಒಂದೊಂದೇ ಚೀಲದ ತೂಕ ಓದಲು ಒಂದು ಸುತ್ತು ಬೇಕಿತ್ತು. ಕಾಟಾದ ತೂಕಗಳ ಪಟ್ಟಿ ಎಷ್ಟು ಉದ್ದವೋ ಅಷ್ಟೇ ಸಲ ಸುತ್ತುತ್ತದೆ, ಅದಕ್ಕಿಂತ ಜಾಸ್ತಿ ಸುತ್ತಲು ದಾರಿಯೇ ಇಲ್ಲ. ‘ಹಂಗಾದ್ರ ಇದು ಟ್ಯೂರಿಂಗ್ ಕಂಪ್ಲೀಟ್ ಅಲ್ಲಲ್ಲ?’ ಅಂದ ಹುಡುಗ, ಅಂದರೆ ಕಂಪ್ಯೂಟರಿಗೆ ಸಾಧ್ಯವಾದ ಎಲ್ಲ ಲೆಕ್ಕವನ್ನೂ ಮಾಡಬಲ್ಲ ಭಾಷೆ ಅಲ್ಲ ಅಂತ. ಅಲ್ಲ. ಬೇಕಂತಲೇ ಅಲ್ಲ. ಯಾವುದೇ ಪ್ರೋಗ್ರಾಂ ನಿಲ್ಲುತ್ತದೋ ಇಲ್ಲವೋ ಅಂತ ಹೇಳುವ ಒಂದು ಸಾಮಾನ್ಯ ವಿಧಾನ ಇರಲು ಸಾಧ್ಯವಿಲ್ಲ ಅನ್ನುವುದು ಟ್ಯೂರಿಂಗ್ 1936ರ ಪ್ರಬಂಧದಿಂದ ಬಂದ ಮಾತು. ನಮ್ಮ ಪಟ್ಟಿಗೆ ಆ ತಲೆನೋವೇ ಇಲ್ಲ. ಪ್ರತಿಯೊಂದು ಪಟ್ಟಿಯೂ ನಿಂತೇ ನಿಲ್ಲುತ್ತದೆ, ರೈತರು ಕೌಂಟರಿನ ಮುಂದೆ ಕಾಯಬೇಕಿಲ್ಲ. ಅಂದಹಾಗೆ, ತೂಕಗಳ ನಡುವೆ ಅಲ್ಪವಿರಾಮ ಹಾಕಲು ಬಿಟ್ಟಿಲ್ಲ. ‘35,120’ ಅಂದರೆ ಎರಡು ತೂಕವೋ, ಮೂವತ್ತೈದು ಸಾವಿರವೋ? ಬರೀ ಖಾಲಿ ಜಾಗ ಬಿಟ್ಟು ಬರೆಯಬೇಕು.

ಅಂಗಡಿಯ ಕಂಪ್ಯೂಟರಿನಲ್ಲಿ ವಿಂಡೋಸ್ ಇದೆ. ಅದರ ಕಪ್ಪು ಕಿಟಕಿಯಲ್ಲಿ ಕನ್ನಡದ ಒತ್ತಕ್ಷರ ಚೆಲ್ಲಾಪಿಲ್ಲಿಯಾಗುತ್ತದೆ, ಕೆಲವು ಸಲ ಬರೀ ಡಬ್ಬಿಗಳು. ಅದರ ಜೊತೆ ಗುದ್ದಾಡದೆ ಫಲಿತಾಂಶವನ್ನು ಎಚ್‌ಟಿಎಂಎಲ್ ಕಡತವಾಗಿ ಬರೆದು ಬ್ರೌಸರಿನಲ್ಲಿ ತೆರೆಯುತ್ತೇವೆ. ನಿರ್ಮಲಾ ಯುಐ ಫಾಂಟ್ ಅಲ್ಲೇ ಇರುತ್ತದೆ, ಪ್ರಿಂಟ್ ಕೂಡ ನೀಟಾಗಿ ಬರುತ್ತದೆ. ‘ನುಡಿ’ ತಂತ್ರಾಂಶದಲ್ಲಿ ಬರೆದ ಹಳೆಯ ಕಡತಗಳನ್ನು ಮಾತ್ರ ಯೂನಿಕೋಡಿಗೆ ಬದಲಿಸಿಕೊಂಡೇ ಕೊಡಬೇಕು, ನೇರ ಕೊಟ್ಟರೆ ಲೆಕ್ಸರಿಗೆ ಅಲ್ಲಿ ಕನ್ನಡವೇ ಕಾಣುವುದಿಲ್ಲ.

ಈಗ ಹುಡುಗ ಹಿಡಿದಿರುವುದು ಎರಡು ಲಾಟಿನ (ಬೇರೆ ಬೇರೆ ಮಾಲಿನ ಗುಂಪಿನ) ಪಟ್ಟಿ. ಒಬ್ಬರೇ ರೈತರು ಡಬ್ಬಿ ಮೆಣಸಿನಕಾಯಿ ಒಂದಷ್ಟು, ಕಡ್ಡಿ ಮೆಣಸಿನಕಾಯಿ ಒಂದಷ್ಟು ತಂದರೆ ದರ ಬೇರೆ, ತೂಕ ಬೇರೆ. ಹಮಾಲಿ, ಮುಂಗಡ ಮಾತ್ರ ಎರಡಕ್ಕೂ ಒಂದೇ. ಅಂದರೆ ಹೆಸರುಗಳ ಕೋಷ್ಟಕ ಒಂದೇ ಸಾಲದು. ಲಾಟಿನೊಳಗೆ ಹೋಗುವಾಗ ಹೊಸ ಕೋಷ್ಟಕ ಮೇಲೆ ಇಡಬೇಕು, ಹೆಸರು ಅಲ್ಲಿ ಸಿಗದಿದ್ದರೆ ಕೆಳಗಿನದರಲ್ಲಿ ಹುಡುಕಬೇಕು, ಹೊರಬರುವಾಗ ತೆಗೆಯಬೇಕು. ಪ್ರತ್ಯಯ ಕಳಚುವ ಲೆಕ್ಸರ್ ಇದೇ ಕೋಷ್ಟಕ ನೋಡುವುದರಿಂದ, ಬೈಸನ್ ಒಂದು ಟೋಕನ್ ಮುಂದೆ ಓದಿಟ್ಟುಕೊಂಡಿರುವಾಗ ಕೋಷ್ಟಕ ಬದಲಾದರೆ ಆ ಒಂದು ಪದ ಹಳೆಯ ಲೆಕ್ಕದಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಲಾಟಿನ ಹೆಸರಾದ ಮೇಲೆ ಒಂದು ‘:’ ಕಡ್ಡಾಯ ಮಾಡಿ, ಅದನ್ನು ಓದಿದಾಗ ಲೆಕ್ಸರೇ ಕೋಷ್ಟಕ ಬದಲಿಸುವಂತೆ ಮಾಡುವ ಯೋಚನೆ ಇದೆ. ಅಲ್ಲಿಯವರೆಗೆ ಅಂಗಡಿಯಲ್ಲಿ ಡಬ್ಬಿಗೊಂದು, ಕಡ್ಡಿಗೊಂದು ಎರಡು ಕಡತ ಓಡಿಸುತ್ತಾರೆ, ಮುಂಗಡವನ್ನು ಎರಡನೆಯದರಲ್ಲಿ ಮಾತ್ರ ಕಳೆಯುತ್ತಾರೆ.